ಕಿಕ್ಯಾಡ್ ಬಿಲ್ಡ್ ಮಾಡುವ ಮುಂಚೆ: ಯಾವ ಲೈಬ್ರರಿ ಯಾಕೆ ಬೇಕು

ಕಿಕ್ಯಾಡ್ ಅಂದರೆ ಪಿಸಿಬಿ (ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬೋರ್ಡ್) ಡಿಸೈನ್ ಮಾಡುವ ಸಾಫ್ಟ್‌ವೇರ್. ಒಂದು ಪಿಸಿಬಿ ಡಿಸೈನ್ ಮಾಡಿದರೆ ಸಾಕು ಅನ್ನುವವರು ಅದನ್ನು ಸೋರ್ಸ್ ಕೋಡ್‌ನಿಂದ ತಾವೇ ಬಿಲ್ಡ್ (ಕಂಪೈಲ್) ಮಾಡಲು ಹೋಗಬೇಡಿ. ಲಿನಕ್ಸ್‌ನಲ್ಲಿ ರೆಡಿ ಪ್ಯಾಕೇಜ್‌ಗಳೇ ಸಿಗುತ್ತವೆ: ಉಬುಂಟುಗೆ ಪಿಪಿಎ ಇದೆ, ಫ್ಲಾಟ್‌ಹಬ್‌ನಲ್ಲಿ ಫ್ಲಾಟ್‌ಪ್ಯಾಕ್ ಇದೆ, ಆರ್ಚ್‌ನಂಥ ಡಿಸ್ಟ್ರೋದಲ್ಲಿ (ಲಿನಕ್ಸ್‌ನ ಒಂದು ರೂಪ) ಹೊಸ ಆವೃತ್ತಿ ತಾನಾಗೇ ಬರುತ್ತದೆ. ಅದನ್ನು ಹಾಕಿಕೊಂಡು ಕೆಲಸ ಶುರು ಮಾಡಿ.

ಆದರೆ ಬಿಲ್ಡ್ ಮಾಡಲೇಬೇಕಾದ ಸಂದರ್ಭಗಳೂ ಇವೆ. ನಿಮ್ಮನ್ನು ಕಾಡುತ್ತಿದ್ದ ಬಗ್ ಸರಿಯಾಗಿದೆ ಅಂತ ಡೆವಲಪರ್‌ಗಳು ಹೇಳಿದ್ದಾರೆ, ಆದರೆ ಆ ಬದಲಾವಣೆ ಇನ್ನೂ ಯಾವ ಪ್ಯಾಕೇಜಿಗೂ ಬಂದಿಲ್ಲ. ಅಥವಾ ಯಾವುದೋ ಡೈಲಾಗ್‌ನಲ್ಲಿ ಒಂದು ಸಣ್ಣ ಕಿರಿಕಿರಿ ಇದೆ, ನೀವೇ ಸರಿ ಮಾಡಿ ಪ್ಯಾಚ್ ಕಳಿಸಬೇಕು. ಅಥವಾ ಕಳೆದ ವರ್ಷ ಸರಿ ಇದ್ದದ್ದು ಈ ವರ್ಷ ಹಾಳಾಗಿದೆ, ಯಾವ ಕಮಿಟ್‌ನಲ್ಲಿ (ಕೋಡ್‌ಗೆ ಸೇರಿಸಿದ ಒಂದೊಂದು ಬದಲಾವಣೆ) ಹಾಳಾಯಿತು ಅಂತ ಹುಡುಕಬೇಕು. ಇಂಥ ಕೆಲಸಕ್ಕೆ ಸೋರ್ಸ್ ಇಲ್ಲದೆ ಆಗುವುದಿಲ್ಲ.

ಕಮಾಂಡ್‌ಗಳು ಕಷ್ಟವೇನಲ್ಲ. ಗಿಟ್‌ಲ್ಯಾಬ್‌ನಿಂದ ಕ್ಲೋನ್ ಮಾಡಿ, ಬಿಲ್ಡ್ ಅಂತ ಒಂದು ಫೋಲ್ಡರ್ ಮಾಡಿಕೊಂಡು ಅದರೊಳಗೆ ಬಿಲ್ಡ್‌ಗೆ ತಯಾರಿ ಮಾಡುವ ಸಿಮೇಕ್ ಓಡಿಸಿ, ಆಮೇಲೆ ಕಂಪೈಲ್ ಮಾಡಿಸುವ ನಿಂಜಾ. ಇಷ್ಟೇ. ಆದರೆ ಹೆಚ್ಚಿನವರು ಸಿಮೇಕ್ ಹಂತದಲ್ಲೇ ಸುಸ್ತಾಗಿ ಬಿಟ್ಟುಬಿಡುತ್ತಾರೆ. ಯಾಕೆಂದರೆ ಅದು ಒಂದೊಂದೇ ಲೈಬ್ರರಿ ಹೆಸರು ಹೇಳಿ ನಿಲ್ಲುತ್ತದೆ. ಅದನ್ನು ಹಾಕಿದರೆ ಇನ್ನೊಂದು ಕೇಳುತ್ತದೆ. ಎಲ್ಲಿಂದಲೋ ಕಾಪಿ ಮಾಡಿದ ಉದ್ದನೆಯ ಪ್ಯಾಕೇಜ್ ಪಟ್ಟಿಯನ್ನು ಟರ್ಮಿನಲ್‌ಗೆ ಸುರಿದು, ಅದರಲ್ಲಿ ಅರ್ಧ ಹೆಸರು ನಮ್ಮ ಡಿಸ್ಟ್ರೋದಲ್ಲಿ ಇಲ್ಲ ಅಂತ ಗೊತ್ತಾಗಿ, ಕೊನೆಗೆ ಯಾವುದು ಬೇಕು ಯಾವುದು ಬೇಡ ಅನ್ನುವುದೇ ತಿಳಿಯದೆ ಕೂರುವ ಸ್ಥಿತಿ. ಆ ಪಟ್ಟಿಯಲ್ಲಿ ಯಾವುದು ಯಾತಕ್ಕೆ ಅಂತ ಒಮ್ಮೆ ತಿಳಿದುಕೊಂಡರೆ ಅರ್ಧ ಭಯ ಹೋಗುತ್ತದೆ. ಎರರ್ ಬಂದಾಗ ಸಾಫ್ಟ್‌ವೇರಿನ ಯಾವ ಭಾಗ ಏನನ್ನು ಕೇಳುತ್ತಿದೆ ಅಂತ ಗೊತ್ತಾಗುತ್ತದೆ.

ಹಾಗಾಗಿ ಪಟ್ಟಿಯಿಂದಲೇ ಶುರು ಮಾಡೋಣ.

ಕಿಕ್ಯಾಡ್ ಅನ್ನು 1992ರಲ್ಲಿ ಫ್ರಾನ್ಸ್‌ನಲ್ಲಿ ಜಾನ್-ಪಿಯೆರ್ ಶರಾಸ್ ಶುರು ಮಾಡಿದರು. ಅದರ ಕಿಟಕಿ, ಮೆನು, ಬಟನ್ ಎಲ್ಲ ಬರುವುದು ಡಬ್ಲ್ಯುಎಕ್ಸ್‌ವಿಜೆಟ್ಸ್ (ಚಿಕ್ಕದಾಗಿ ಡಬ್ಲ್ಯುಎಕ್ಸ್) ಅನ್ನುವ ಲೈಬ್ರರಿಯಿಂದ. ಅದೂ 1992ರಲ್ಲೇ ಹುಟ್ಟಿದ್ದು, ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ. ಲಿನಕ್ಸ್‌ನಲ್ಲಿ ಅದರ ಕೆಳಗೆ ಜಿಟಿಕೆ 3 ಅನ್ನುವ ಇನ್ನೊಂದು ಲೈಬ್ರರಿ ಇರುತ್ತದೆ. ಈಗಿನ ಕಿಕ್ಯಾಡ್‌ಗೆ ಡಬ್ಲ್ಯುಎಕ್ಸ್ 3.2 ಸರಣಿ ಹಾಕಿಕೊಳ್ಳಿ. ಸಮಸ್ಯೆಗಳಲ್ಲಿ ದೊಡ್ಡ ಪಾಲು ಇದರಿಂದಲೇ ಬರುತ್ತದೆ, ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬೋರ್ಡ್ ಮತ್ತು ಸ್ಕೀಮ್ಯಾಟಿಕ್ ಕಾಣುವ ಜಾಗ ಇದೆಯಲ್ಲ, ಅದನ್ನು ಬಿಡಿಸುವುದು ಗ್ರಾಫಿಕ್ಸ್ ಕಾರ್ಡ್ ಬಳಸುವ ಓಪನ್‌ಜಿಎಲ್. ಅದಕ್ಕೆ ಗ್ಲೂ ಮತ್ತು ಜಿಎಲ್‌ಎಂ ಅನ್ನುವ ಸಹಾಯಕ ಲೈಬ್ರರಿಗಳು ಬೇಕು. ಗ್ರಾಫಿಕ್ಸ್ ಕಾರ್ಡ್ ಕೈಕೊಟ್ಟರೆ ಕೈರೋ ಬಳಸಿ ನಿಧಾನವಾಗಿ ಬಿಡಿಸುತ್ತದೆ, ಪ್ರಿಂಟಿಂಗ್‌ಗೂ ಕೈರೋ ಬೇಕು. ಓಪನ್ ಕ್ಯಾಸ್ಕೇಡ್ ಅನ್ನುವ ಭಾರಿ ಲೈಬ್ರರಿ ಸ್ಟೆಪ್ ಫೈಲ್‌ಗಳಿಗಾಗಿ. ನಿಮ್ಮ ಬೋರ್ಡನ್ನು ಮೆಕ್ಯಾನಿಕಲ್ ಡಿಸೈನ್ ಮಾಡುವವರಿಗೆ 3ಡಿ ಮಾಡೆಲ್ ಆಗಿ ಕಳಿಸುವಾಗ ಕೆಲಸ ಮಾಡುವುದು ಅದೇ. ಎನ್‌ಜಿಸ್ಪೈಸ್ ಸರ್ಕ್ಯೂಟ್ ಸಿಮ್ಯುಲೇಷನ್‌ಗೆ. ಇಲ್ಲಿ ಒಂದು ಮಾತು: ಎನ್‌ಜಿಸ್ಪೈಸ್ ಪ್ರೋಗ್ರಾಂ ಇದ್ದರೆ ಸಾಲದು, ಅದರ ಶೇರ್ಡ್ ಲೈಬ್ರರಿ ಬೇಕು. ಟರ್ಮಿನಲ್‌ನಲ್ಲಿ ಎನ್‌ಜಿಸ್ಪೈಸ್ ಓಡುತ್ತಿದೆ, ಆದರೂ ಸಿಮೇಕ್ ಯಾಕೆ ಸಿಗಲಿಲ್ಲ ಅನ್ನುತ್ತಿದೆ ಅಂತ ತಲೆ ಕೆರೆದುಕೊಳ್ಳುವವರಿಗೆ ಉತ್ತರ ಇದೇ.

ಉಳಿದವುಗಳಲ್ಲಿ ಕಿಕ್ಯಾಡ್ ಬೆಳೆದ ದಾರಿ ಕಾಣುತ್ತದೆ. ಕರ್ಲ್ ಯಾಕೆ? 6ನೇ ಆವೃತ್ತಿಯಲ್ಲಿ ಪ್ಲಗಿನ್ ಮತ್ತು ಕಂಟೆಂಟ್ ಮ್ಯಾನೇಜರ್ ಬಂತು, ಅದು ನೆಟ್‌ನಿಂದ ಡೌನ್‌ಲೋಡ್ ಮಾಡಬೇಕಲ್ಲ. ಯುನಿಕ್ಸ್‌ಒಡಿಬಿಸಿ ಯಾಕೆ? 7ರಲ್ಲಿ ಡೇಟಾಬೇಸ್‌ನಿಂದ ಕಾಂಪೊನೆಂಟ್ ತರುವ ಲೈಬ್ರರಿ ಬಂತು. ಲಿಬ್‌ಗಿಟ್2 ಯಾಕೆ? 8ರಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಒಳಗೇ ಗಿಟ್ ಬಂತು. ಪ್ರೋಟೋಬಫ್ ಮತ್ತು ಎನ್‌ಎನ್‌ಜಿ ಯಾಕೆ? 9ರಲ್ಲಿ ಹೊರಗಿನ ಪ್ರೋಗ್ರಾಂಗಳು ಕಿಕ್ಯಾಡ್ ಜೊತೆ ಮಾತಾಡುವ ಹೊಸ ಎಪಿಐ ಬಂತು. ಸ್ವಿಗ್ ಹಳೆಯ ಪೈಥಾನ್ ಸ್ಕ್ರಿಪ್ಟಿಂಗ್‌ಗೆ ಬೇಕು. ಹೊಸ ಎಪಿಐ ಬಂದ ಮೇಲೆ ಆ ಹಳೆ ದಾರಿಗೆ ವಿದಾಯ ಹೇಳುವ ತಯಾರಿ ನಡೆದಿದೆ. ನನ್ನ ಮಟ್ಟಿಗೆ ಅದು ಬೇಗ ಹೋದಷ್ಟೂ ಒಳ್ಳೆಯದು, ಯಾಕೆ ಅಂತ ಕೆಳಗೆ ನೋಡುತ್ತೀರಿ.

ಈ ಇತಿಹಾಸದಿಂದ ಒಂದು ಉಪಯೋಗ ಇದೆ. ಡೆಬಿಯನ್ ಮತ್ತು ಉಬುಂಟುವಿನಲ್ಲಿ ಆಪ್ಟ್‌ನ ಬಿಲ್ಡ್-ಡೆಪ್ ಕಮಾಂಡಿಗೆ ಕಿಕ್ಯಾಡ್ ಅಂತ ಹೆಸರು ಕೊಟ್ಟರೆ ಬೇಕಾದ ಪ್ಯಾಕೇಜ್‌ಗಳನ್ನೆಲ್ಲ ಅದೇ ಹಾಕುತ್ತದೆ, ಸೋರ್ಸ್ ರೆಪೊಸಿಟರಿ ಆನ್ ಆಗಿದ್ದರೆ ಸಾಕು. ಫೆಡೋರಾದಲ್ಲಿ ಡಿಎನ್‌ಎಫ್‌ಗೂ ಇಂಥದ್ದೇ ಬಿಲ್ಡ್‌ಡೆಪ್ ಇದೆ. ಆದರೆ ಅದು ಹಾಕುವುದು ನಿಮ್ಮ ಡಿಸ್ಟ್ರೋದಲ್ಲಿರುವ ಕಿಕ್ಯಾಡ್‌ಗೆ ಬೇಕಾದದ್ದನ್ನು, ನೀವು ಬಿಲ್ಡ್ ಮಾಡುತ್ತಿರುವ ಕಿಕ್ಯಾಡ್‌ಗೆ ಬೇಕಾದದ್ದನ್ನಲ್ಲ. ಡಿಸ್ಟ್ರೋದಲ್ಲಿ 7 ಇದ್ದು ನೀವು 9 ಬಿಲ್ಡ್ ಮಾಡಲು ಹೊರಟರೆ ಲಿಬ್‌ಗಿಟ್2, ಪ್ರೋಟೋಬಫ್, ಎನ್‌ಎನ್‌ಜಿ ಮೊದಲಾದವು ಬಾಕಿ ಉಳಿಯುತ್ತವೆ. ಅವನ್ನು ಕೈಯಿಂದ ಸೇರಿಸಿದರೆ ಮುಗಿಯಿತು. ಉದ್ದನೆಯ ಪಟ್ಟಿ ಕಾಪಿ ಮಾಡುವುದಕ್ಕಿಂತ ಇದು ಎಷ್ಟೋ ವಾಸಿ.

ಸಿಮೇಕ್ "ಸಿಗಲಿಲ್ಲ" ಅಂದಾಗ ಒಂದು ವಿಷಯ ನೆನಪಿರಲಿ. ಲೈಬ್ರರಿ ಸಿಸ್ಟಂನಲ್ಲಿ ಇದ್ದರೂ ಕಂಪೈಲ್ ಮಾಡುವಾಗ ಬೇಕಾಗುವ ಅದರ ಹೆಡರ್ ಫೈಲ್‌ಗಳು ಇರಲಿಕ್ಕಿಲ್ಲ. ಡೆಬಿಯನ್ ಕಡೆಯಲ್ಲಿ ಅವು "ಡೆವ್" ಅಂತ ಕೊನೆಯಾಗುವ ಬೇರೆ ಪ್ಯಾಕೇಜ್‌ನಲ್ಲಿ, ಫೆಡೋರಾದಲ್ಲಿ "ಡೆವೆಲ್" ಪ್ಯಾಕೇಜ್‌ನಲ್ಲಿ ಇರುತ್ತವೆ. ಆರ್ಚ್‌ನಲ್ಲಿ ಈ ಭಾಗ ಮಾಡುವ ಗೋಜೇ ಇಲ್ಲ. ಇನ್ನೊಂದು, ಸಿಮೇಕ್ ಒಮ್ಮೆ ಹುಡುಕಿದ ದಾರಿಯನ್ನು ತನ್ನ ಕ್ಯಾಶ್ ಫೈಲ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ. ನೀವು ಲೈಬ್ರರಿ ಬದಲಾಯಿಸಿದರೂ ಅದು ಹಳೆಯದನ್ನೇ ಹಿಡಿದುಕೊಂಡು ಕೂತಿರಬಹುದು. ಅನುಮಾನ ಬಂದರೆ ಕ್ಯಾಶ್ ಅಳಿಸಿ, ಅಥವಾ 3.24 ನಂತರದ ಸಿಮೇಕ್ ಆದರೆ ಫ್ರೆಶ್ ಅನ್ನುವ ಆಯ್ಕೆ ಕೊಟ್ಟು ಓಡಿಸಿ.

ಸಿಮೇಕ್‌ಗೆ ಕೊಡುವ ಆಯ್ಕೆಗಳಲ್ಲಿ ಜಾಸ್ತಿ ತಲೆಕೆಡಿಸಿಕೊಳ್ಳಬೇಕಾದದ್ದು ಇಲ್ಲ. ಬಿಲ್ಡ್ ಟೈಪ್ "ರಿಲ್ ವಿತ್ ಡೆಬ್ ಇನ್ಫೋ" ಇರಲಿ. ವೇಗವೂ ಇರುತ್ತದೆ, ಕ್ರ್ಯಾಶ್ ಆದಾಗ ಜಿಡಿಬಿ ಡಿಬಗರ್‌ನಲ್ಲಿ ಅರ್ಥವಾಗುವ ಬ್ಯಾಕ್‌ಟ್ರೇಸ್ (ಕೋಡ್‌ನಲ್ಲಿ ಎಲ್ಲಿ ಬಿತ್ತು ಅನ್ನುವ ಜಾಡು) ಕೂಡ ಸಿಗುತ್ತದೆ. ಪೂರ್ತಿ ಡಿಬಗ್ ಬಿಲ್ಡ್ ಮಾಡಿದರೆ ಡಬ್ಲ್ಯುಎಕ್ಸ್‌ನ ಎಚ್ಚರಿಕೆಗಳು ಒಂದರ ಮೇಲೊಂದು ಡೈಲಾಗ್ ಆಗಿ ಎದ್ದು ಬರುತ್ತವೆ, ಕೋಡ್ ಬರೆಯುವವರಿಗೆ ಉಪಯೋಗ, ಉಳಿದವರಿಗೆ ಹಿಂಸೆ. ಟೆಸ್ಟ್ ಬೇಡದಿದ್ದರೆ ಕ್ಯುಎ ಟೆಸ್ಟ್‌ಗಳನ್ನು ಬಿಲ್ಡ್ ಮಾಡುವ ಆಯ್ಕೆಯನ್ನು ಆಫ್ ಮಾಡಿ, ಸಾಕಷ್ಟು ಸಮಯ ಉಳಿಯುತ್ತದೆ. ಆದರೆ ಪ್ಯಾಚ್ ಕಳಿಸುವ ಯೋಚನೆ ಇದ್ದರೆ ಅದು ಆನ್ ಇರಲೇಬೇಕು.

ಎಲ್ಲಿ ಇನ್‌ಸ್ಟಾಲ್ ಮಾಡಬೇಕು ಅನ್ನುವುದನ್ನೂ ಇಲ್ಲೇ ತೀರ್ಮಾನಿಸಿ. ಏನೂ ಹೇಳದಿದ್ದರೆ ಯುಎಸ್ಆರ್ ಲೋಕಲ್ ಫೋಲ್ಡರಿಗೆ ಹೋಗುತ್ತದೆ. ಹಾಗೆ ಮಾಡಿದವರು ಕೊನೆಯಲ್ಲಿ ಎಲ್‌ಡಿಕಾನ್ಫಿಗ್ ಓಡಿಸಬೇಕು, ಇಲ್ಲವಾದರೆ ಕಿಕ್ಯಾಡ್ ತೆರೆಯುವ ಮೊದಲೇ ತನ್ನದೇ ಶೇರ್ಡ್ ಲೈಬ್ರರಿ ಸಿಗಲಿಲ್ಲ ಅಂತ ಸಾಯಬಹುದು. ನನಗೆ ಕೇಳಿದರೆ ಇನ್‌ಸ್ಟಾಲ್ ಮಾಡುವುದೇ ಬೇಡ. ಕಿಕ್ಯಾಡ್ ರನ್ ಫ್ರಂ ಬಿಲ್ಡ್ ಡಿರ್ ಅನ್ನುವ ಎನ್ವಿರಾನ್ಮೆಂಟ್ ವೇರಿಯಬಲ್ ಇದೆ, ಹೆಸರಿನ ಪದಗಳ ನಡುವೆ ಅಂಡರ್‌ಸ್ಕೋರ್. ಅದಕ್ಕೆ 1 ಕೊಟ್ಟರೆ ಬಿಲ್ಡ್ ಫೋಲ್ಡರ್ ಒಳಗಿಂದಲೇ ಪ್ರೋಗ್ರಾಂ ಓಡುತ್ತದೆ. ಸಿಸ್ಟಂನಲ್ಲಿರುವ ಸ್ಟೇಬಲ್ ಕಿಕ್ಯಾಡ್ ತನ್ನ ಪಾಡಿಗೆ ತಾನು ಇರುತ್ತದೆ, ಸುಡೋ ಮುಟ್ಟುವ ಕೆಲಸವೂ ಇಲ್ಲ. ಬೇಡವಾದಾಗ ಫೋಲ್ಡರ್ ಅಳಿಸಿದರೆ ಎಲ್ಲ ಹೋಯಿತು.

ಈಗ ನಿಂಜಾ. ಸುಮ್ನೆ ನಿಂಜಾ ಅಂತ ಹೊಡೆದರೆ ಅದು ನಿಮ್ಮ ಪ್ರೊಸೆಸರ್‌ನ ಎಲ್ಲ ಕೋರ್‌ಗಳನ್ನೂ ಕೆಲಸಕ್ಕೆ ಹಚ್ಚುತ್ತದೆ. ಕೋರ್ ಜಾಸ್ತಿ, ರ‍್ಯಾಮ್ ಕಮ್ಮಿ ಇರುವ ಕಂಪ್ಯೂಟರ್‌ನಲ್ಲಿ ಇದೇ ಎಡವಟ್ಟು. ಟೆಂಪ್ಲೇಟ್ ತುಂಬಿದ ಸಿ++ ಫೈಲ್‌ಗಳು ಕಂಪೈಲ್ ಆಗುವಾಗ ಒಂದೊಂದೂ ಜಿಬಿಗಟ್ಟಲೆ ಮೆಮೊರಿ ನುಂಗಬಹುದು. ಹತ್ತಾರು ಒಟ್ಟಿಗೆ ಓಡಿದರೆ ರ‍್ಯಾಮ್ ಮುಗಿದು, ಮೌಸ್ ನಿಂತು, ಕೊನೆಗೆ ಕರ್ನಲ್ ಬಂದು ಕಂಪೈಲರ್ ಅನ್ನು ಕೊಲ್ಲುತ್ತದೆ. ಆಗ ಬರುವ ಎರರ್‌ನಲ್ಲಿ "ಕಿಲ್ಡ್" ಅನ್ನುವ ಮಾತು ಇರುತ್ತದೆ. ಅದನ್ನು ನೋಡಿ ಕೋಡ್‌ನಲ್ಲಿ ತಪ್ಪು ಇದೆ ಅಂತ ತಿಳಿದುಕೊಳ್ಳಬೇಡಿ, ಕೋಡ್ ಸರಿಯಾಗೇ ಇದೆ. ಒಂದು ಕೆಲಸಕ್ಕೆ 2 ಜಿಬಿ ಅಂತ ಲೆಕ್ಕ ಹಿಡಿದು, 8 ಜಿಬಿ ಇದ್ದರೆ 3 ಅಥವಾ 4 ಕೆಲಸ ಸಾಕು ಅಂತ ಜೆ ಆಯ್ಕೆಯಲ್ಲಿ ಹೇಳಿಬಿಡಿ. ಕಮ್ಮಿ ಕೆಲಸಗಾರರಿದ್ದರೂ ಸ್ವಾಪ್‌ಗೆ ಬೀಳದೆ ಇದ್ದರೆ ಒಟ್ಟಾರೆ ಬೇಗ ಮುಗಿಯುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಸ್ವಿಗ್ ಹುಟ್ಟಿಸುವ ಫೈಲ್. ಬೋರ್ಡ್ ಎಡಿಟರ್‌ನ ಪೈಥಾನ್ ಬೈಂಡಿಂಗ್ ಎಲ್ಲ ಸೇರಿ ಒಂದೇ ಒಂದು ರಾಕ್ಷಸ ಗಾತ್ರದ ಸಿ++ ಫೈಲ್ ಆಗುತ್ತದೆ. ಉಳಿದದ್ದೆಲ್ಲ ಮುಗಿದು ಇದೊಂದು ಮಾತ್ರ ಒಂದೇ ಕೋರ್‌ನಲ್ಲಿ ಕಂಪೈಲ್ ಆಗುತ್ತಾ ಕೂತಿರುತ್ತದೆ, ನಿಂತುಹೋಗಿದೆ ಅಂತ ಅನಿಸುತ್ತದೆ. ನಿಂತಿಲ್ಲ, ಕಾಯಿರಿ. ಸ್ವಿಗ್ ಹೋದರೆ ಒಳ್ಳೆಯದು ಅಂದಿದ್ದು ಇದಕ್ಕೇ.

ಹಳೆಯ ಲ್ಯಾಪ್‌ಟಾಪ್‌ನಲ್ಲಿ ಮೊದಲ ಬಿಲ್ಡ್ ಗಂಟೆಗಟ್ಟಲೆ ಹಿಡಿಯುತ್ತದೆ, ಒಳ್ಳೆ ಡೆಸ್ಕ್‌ಟಾಪ್‌ನಲ್ಲಿ ಕಾಫಿ ಕುಡಿದು ಬರುವಷ್ಟರಲ್ಲಿ ಮುಗಿಯಬಹುದು. ಎರಡನೇ ಸಲದಿಂದ ಬದಲಾದ ಫೈಲ್‌ಗಳು ಮಾತ್ರ. ಕಂಪೈಲ್ ಮಾಡಿದ್ದನ್ನು ಉಳಿಸಿಡುವ ಸಿಕ್ಯಾಶ್ ಹಾಕಿಕೊಂಡರೆ ಬ್ರಾಂಚ್ ಬದಲಾಯಿಸಿ ವಾಪಸ್ ಬಂದಾಗಲೂ ಹಳೆ ಫಲಿತಾಂಶ ಸಿಗುತ್ತದೆ, ಇದನ್ನು ಮೊದಲ ಬಿಲ್ಡ್‌ಗೆ ಮುಂಚೆಯೇ ಹಾಕಿ. ಲಿಂಕ್ ಮಾಡುವುದಕ್ಕೆ ಮೋಲ್ಡ್ ಅಥವಾ ಎಲ್‌ಎಲ್‌ಡಿ ಅನ್ನುವ ವೇಗದ ಲಿಂಕರ್ ಬಳಸಿದರೆ ಅಲ್ಲೂ ಉಳಿತಾಯ. ಇನ್ನೊಂದು ದಾರಿ, ಎಲ್ಲವನ್ನೂ ಬಿಲ್ಡ್ ಮಾಡದೇ ಇರುವುದು. ಕಿಕ್ಯಾಡ್‌ನ ಒಂದೊಂದು ಪ್ರೋಗ್ರಾಂ ಅಂದರೆ ಒಂದು ಸಣ್ಣ ಎಕ್ಸಿಕ್ಯೂಟಬಲ್ ಮತ್ತು ಕಿಫೇಸ್ ಅನ್ನುವ ಶೇರ್ಡ್ ಲೈಬ್ರರಿ. ನಿಜವಾದ ಕೋಡ್ ಇರುವುದು ಕಿಫೇಸ್‌ನಲ್ಲಿ. ಬೋರ್ಡ್ ಎಡಿಟರ್‌ನಲ್ಲಿ ಏನೋ ತಿದ್ದಿದರೆ ಪಿಸಿಬಿನ್ಯೂ (ಬೋರ್ಡ್ ಎಡಿಟರ್‌ನ ಹೆಸರು) ಕಿಫೇಸ್ ಒಂದನ್ನೇ ಬಿಲ್ಡ್ ಮಾಡು ಅಂತ ನಿಂಜಾಗೆ ಹೇಳಿದರೆ ಸಾಕು.

ಡಬ್ಲ್ಯುಎಕ್ಸ್ ವಿಷಯಕ್ಕೆ ಬರುತ್ತೇನೆ ಅಂದಿದ್ದೆ. ಕಿಕ್ಯಾಡ್ ಒಂದು ಡಬ್ಲ್ಯುಎಕ್ಸ್‌ವಿಜೆಟ್ಸ್ ಬಳಸುತ್ತದೆ. ಪೈಥಾನ್ ಸ್ಕ್ರಿಪ್ಟಿಂಗ್‌ಗಾಗಿ ಅದೇ ಪ್ರೊಸೆಸ್ ಒಳಗೆ ಡಬ್ಲ್ಯುಎಕ್ಸ್‌ಪೈಥಾನ್ ಕೂಡ ಲೋಡ್ ಆಗುತ್ತದೆ, ಅದೂ ಒಂದು ಡಬ್ಲ್ಯುಎಕ್ಸ್‌ವಿಜೆಟ್ಸ್ ಮೇಲೆ ನಿಂತಿದೆ. ಎರಡೂ ಒಂದೇ ಆಗಿರಬೇಕು. ಡಿಸ್ಟ್ರೋ ಕೊಟ್ಟ ಎರಡನ್ನೂ ಬಳಸಿದರೆ ತೊಂದರೆ ಇಲ್ಲ. ಆದರೆ ಪಿಪ್‌ನಿಂದ ಹಾಕಿದ ಡಬ್ಲ್ಯುಎಕ್ಸ್‌ಪೈಥಾನ್ ತನ್ನದೇ ಡಬ್ಲ್ಯುಎಕ್ಸ್‌ವಿಜೆಟ್ಸ್ ಹೊತ್ತು ತರುತ್ತದೆ. ಅಥವಾ ಯಾವತ್ತೋ ಒಂದು ದಿನ ಹೊಸದು ಬೇಕು ಅಂತ ಯುಎಸ್ಆರ್ ಲೋಕಲ್‌ಗೆ ಡಬ್ಲ್ಯುಎಕ್ಸ್ ಅನ್ನು ಕೈಯಾರೆ ಹಾಕಿ ಮರೆತಿರುತ್ತೀರಿ. ಆಗ ಒಂದೇ ಪ್ರೊಸೆಸ್‌ನಲ್ಲಿ ಎರಡು ಡಬ್ಲ್ಯುಎಕ್ಸ್ ಸೇರಿಕೊಂಡು ಬೋರ್ಡ್ ಎಡಿಟರ್ ತೆರೆದ ಕೂಡಲೇ ಕ್ರ್ಯಾಶ್ ಆಗುತ್ತದೆ. ಕಾರಣ ಹುಡುಕಲು ಪಿಸಿಬಿನ್ಯೂ ಕಿಫೇಸ್ ಫೈಲ್ ಮೇಲೆ ಎಲ್‌ಡಿಡಿ (ಬಳಸುವ ಲೈಬ್ರರಿಗಳ ಪಟ್ಟಿ ಕೊಡುವ ಕಮಾಂಡ್) ಓಡಿಸಿ, ಡಬ್ಲ್ಯುಎಕ್ಸ್ ಹೆಸರಿರುವ ಸಾಲುಗಳು ಯಾವ ಫೋಲ್ಡರ್ ತೋರಿಸುತ್ತವೆ ನೋಡಿ. ಡಬ್ಲ್ಯುಎಕ್ಸ್‌ಪೈಥಾನ್‌ನ ಶೇರ್ಡ್ ಫೈಲ್ ಮೇಲೂ ಅದನ್ನೇ ಮಾಡಿ. ಎರಡೂ ಬೇರೆ ಬೇರೆ ಜಾಗ ತೋರಿಸಿದರೆ ಕಳ್ಳ ಸಿಕ್ಕಿಬಿದ್ದ ಹಾಗೆ. ಡಬ್ಲ್ಯುಎಕ್ಸ್-ಕಾನ್ಫಿಗ್ ಕಮಾಂಡಿಗೆ ಲಿಸ್ಟ್ ಆಯ್ಕೆ ಕೊಟ್ಟರೆ ಸಿಸ್ಟಂನಲ್ಲಿ ಎಷ್ಟು ಡಬ್ಲ್ಯುಎಕ್ಸ್ ಇವೆ ಅಂತಲೂ ಹೇಳುತ್ತದೆ.

ಲಿನಕ್ಸ್‌ನಲ್ಲಿ ಕಿಟಕಿಗಳನ್ನು ತೋರಿಸುವ ಹೊಸ ವ್ಯವಸ್ಥೆಯಾದ ವೇಲ್ಯಾಂಡ್ ಬಗ್ಗೆ ಚಿಕ್ಕದಾಗಿ: ಕಿಕ್ಯಾಡ್ ಕರ್ಸರನ್ನು ತಾನೇ ಬೇಕಾದ ಜಾಗಕ್ಕೆ ಸರಿಸುತ್ತದೆ, ಕಿಟಕಿಗಳನ್ನು ತಾನೇ ಜೋಡಿಸುತ್ತದೆ. ವೇಲ್ಯಾಂಡ್ ಇಂಥದ್ದಕ್ಕೆ ಸುಲಭವಾಗಿ ಬಿಡುವುದಿಲ್ಲ. ವಿಚಿತ್ರವಾಗಿ ವರ್ತಿಸಿದರೆ ಮೊದಲು ಜಿಡಿಕೆ ಬ್ಯಾಕೆಂಡ್ ಅನ್ನು ಎಕ್ಸ್11 (ಹಳೆಯ ವ್ಯವಸ್ಥೆ) ಅಂತ ಇಟ್ಟು ಓಡಿಸಿ ನೋಡಿ, ಆಮೇಲೆ ನಿಮ್ಮ ಬಿಲ್ಡ್ ಮೇಲೆ ಅನುಮಾನ ಪಡಿ.

ಬಿಲ್ಡ್ ಆಯಿತು, ತೆರೆಯಿತು, ಆದರೆ ಒಂದು ರೆಸಿಸ್ಟರ್ ಕೂಡ ಕಾಣುತ್ತಿಲ್ಲ! ಗಾಬರಿ ಬೇಡ. ಸಿಂಬಲ್, ಫುಟ್‌ಪ್ರಿಂಟ್, ಟೆಂಪ್ಲೇಟ್, 3ಡಿ ಮಾಡೆಲ್ ಎಲ್ಲ ಬೇರೆ ಬೇರೆ ರೆಪೊಸಿಟರಿಗಳು. ಸಿಂಬಲ್ ಮತ್ತು ಫುಟ್‌ಪ್ರಿಂಟ್ ಕ್ಲೋನ್ ಮಾಡಿ ಪಾತ್ ತೋರಿಸಿ. 3ಡಿ ಮಾಡೆಲ್‌ಗಳದ್ದು ಹಲವು ಜಿಬಿ, 3ಡಿ ನೋಟ ಬೇಕೇ ಬೇಕು ಅನ್ನುವವರು ಮಾತ್ರ ಇಳಿಸಿಕೊಳ್ಳಿ.

ಇನ್ನು ನಿಜವಾಗಿ ಹುಷಾರಾಗಿರಬೇಕಾದ ವಿಷಯ. ಬಿಲ್ಡ್ ಕೆಟ್ಟರೆ ಸಮಯ ಮಾತ್ರ ಹೋಗುತ್ತದೆ. ಫೈಲ್ ಕೆಟ್ಟರೆ ಬೋರ್ಡ್ ಹೋಗುತ್ತದೆ. ಮುಖ್ಯ ಬ್ರಾಂಚ್‌ನಿಂದ ಬಿಲ್ಡ್ ಮಾಡಿದರೆ ಸಿಗುವುದು ಸ್ಟೇಬಲ್ ಅಲ್ಲ. 9.0 ಬಿಡುಗಡೆಯಾದ ಮೇಲೆ ಮುಖ್ಯ ಬ್ರಾಂಚ್ 9.99 ಅಂತ ಕರೆಸಿಕೊಂಡಿತು, ಮುಂದಿನ ದೊಡ್ಡ ಆವೃತ್ತಿಯ ಕೆಲಸ ನಡೆಯುವುದು ಅಲ್ಲಿ. ಸೆಟ್ಟಿಂಗ್ಸ್ ಮಾತ್ರ ಆವೃತ್ತಿ ಸಂಖ್ಯೆಯ ಬೇರೆ ಫೋಲ್ಡರ್‌ನಲ್ಲಿ ಇರುವುದರಿಂದ ಅವು ಒಂದರ ಮೇಲೊಂದು ಬೀಳುವುದಿಲ್ಲ. ಪ್ರಾಜೆಕ್ಟ್ ಫೈಲ್‌ಗೆ ಆ ರಕ್ಷಣೆ ಇಲ್ಲ. ಹೊಸದರಲ್ಲಿ ತೆರೆದು ಸೇವ್ ಒತ್ತಿದಿರೋ, ಹಳೆಯ ಕಿಕ್ಯಾಡ್ ಅದನ್ನು ಮತ್ತೆ ತೆರೆಯುವುದಿಲ್ಲ. ವಾಪಸ್ ಹಳೆ ರೂಪಕ್ಕೆ ಸೇವ್ ಮಾಡುವ ಆಯ್ಕೆಯೂ ಇಲ್ಲ.

ಯಾವ ಫೈಲ್ ಯಾವ ಕಾಲದ್ದು ಅಂತ ನೋಡುವುದು ಸುಲಭ. ಬೋರ್ಡ್ ಫೈಲ್ ಬರೀ ಟೆಕ್ಸ್ಟ್, ಯಾವ ಎಡಿಟರ್‌ನಲ್ಲಾದರೂ ತೆರೆಯಿರಿ. ಶುರುವಿನಲ್ಲೇ ವರ್ಷನ್ ಅಂತ ಒಂದು ಸಂಖ್ಯೆ ಇರುತ್ತದೆ, ಅದು ಫಾರ್ಮ್ಯಾಟ್ ಬದಲಾದ ತಾರೀಖು. 20240108 ಅಂತ ಇದ್ದರೆ ಅದು 8ನೇ ಆವೃತ್ತಿಯ ಬೋರ್ಡ್, 20241229 ಇದ್ದರೆ 9ನೆಯದ್ದು. ಅದಕ್ಕಿಂತ ಮುಂದಿನ ತಾರೀಖು ಕಂಡರೆ ಯಾರೋ 9ಕ್ಕಿಂತ ಹೊಸದರಲ್ಲಿ ಅಥವಾ ಡೆವಲಪ್‌ಮೆಂಟ್ ಬಿಲ್ಡ್‌ನಲ್ಲಿ ಸೇವ್ ಮಾಡಿದ್ದಾರೆ ಅಂತಲೇ ಅರ್ಥ. ಬೇರೆಯವರ ಜೊತೆ ಹಂಚಿಕೊಂಡ ಪ್ರಾಜೆಕ್ಟ್ ಆದರೆ ಅವರೆಲ್ಲ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಪ್ರತಿ ಪ್ರಾಜೆಕ್ಟ್ ಗಿಟ್‌ನಲ್ಲಿರಲಿ, ಹೊಸ ಬಿಲ್ಡ್‌ಗೆ ಯಾವಾಗಲೂ ಕಾಪಿಯನ್ನೇ ಕೊಡಿ. ಸ್ಟೇಬಲ್ ಸಾಕು, ಅದರಲ್ಲಿನ ಬಗ್ ಫಿಕ್ಸ್ ಮಾತ್ರ ಬೇಕು ಅನ್ನುವವರು ಆ ಸ್ಟೇಬಲ್ ಆವೃತ್ತಿಯ ಬ್ರಾಂಚ್‌ನಿಂದ (9ಕ್ಕೆ 9.0) ಬಿಲ್ಡ್ ಮಾಡಿ, ಅಲ್ಲಿ ಫಾರ್ಮ್ಯಾಟ್ ಬದಲಾಗುವುದಿಲ್ಲ.

ಕೊನೆಯದಾಗಿ ನನಗೆ ಅತಿ ಇಷ್ಟವಾದ ಉಪಯೋಗ, ಗಿಟ್ ಬೈಸೆಕ್ಟ್. ಹಳೆ ಕಮಿಟ್‌ನಲ್ಲಿ ಸರಿ ಇತ್ತು, ಹೊಸದರಲ್ಲಿ ಇಲ್ಲ. ನಡುವೆ 1000 ಕಮಿಟ್ ಇದ್ದರೂ ಪ್ರತಿ ಸಲ ಅರ್ಧ ಮಾಡುತ್ತಾ ಹೋದರೆ ಸುಮಾರು 10 ಹೆಜ್ಜೆಯಲ್ಲಿ ತಪ್ಪಿತಸ್ಥ ಕಮಿಟ್ ಸಿಗುತ್ತದೆ. ಪ್ರತಿ ಹೆಜ್ಜೆಗೂ ನೀವೇ ತೆರೆದು ನೋಡಬೇಕು ಅಂತೇನಿಲ್ಲ. 7ರಿಂದ ಕಿಕ್ಯಾಡ್-ಸಿಎಲ್ಐ ಅನ್ನುವ ಕಮಾಂಡ್ ಲೈನ್ ಪ್ರೋಗ್ರಾಂ ಇದೆ, 8ರಿಂದ ಅದು ಡಿಆರ್‌ಸಿಯನ್ನೂ (ಬೋರ್ಡ್ ಡಿಸೈನ್ ನಿಯಮಗಳ ಪರೀಕ್ಷೆ) ಓಡಿಸುತ್ತದೆ, ತಪ್ಪು ಕಂಡರೆ ಸೊನ್ನೆಯಲ್ಲದ ಎಕ್ಸಿಟ್ ಕೋಡ್ ಕೊಡು ಅಂತಲೂ ಹೇಳಬಹುದು. ಹಾಗಾದರೆ ಒಂದು ಸಣ್ಣ ಶೆಲ್ ಸ್ಕ್ರಿಪ್ಟ್ ಸಾಕು: ಸಿಎಲ್ಐ ಮತ್ತು ಪಿಸಿಬಿನ್ಯೂ ಕಿಫೇಸ್ ಮಾತ್ರ ಬಿಲ್ಡ್ ಮಾಡು, ಬಿಲ್ಡ್ ಆಗದಿದ್ದರೆ 125 ಅಂತ ಹೊರಗೆ ಬಾ, ಬಿಲ್ಡ್ ಆದರೆ ಡಿಆರ್‌ಸಿ ಓಡಿಸಿ ಅದರ ಫಲಿತಾಂಶ ಕೊಡು. 125 ಅಂದರೆ "ಈ ಕಮಿಟ್ ಬಿಟ್ಟು ಮುಂದೆ ಹೋಗು" ಅಂತ ಬೈಸೆಕ್ಟ್‌ಗೆ ಅರ್ಥವಾಗುತ್ತದೆ. ರಾತ್ರಿ ಬಿಟ್ಟು ಮಲಗಿದರೆ ಬೆಳಗ್ಗೆ ಕಮಿಟ್ ನಂಬರ್ ಕಾದಿರುತ್ತದೆ.

ಇಲ್ಲಿ ಎಡವಿ ಬೀಳಬಹುದಾದ ಎರಡು ಗುಂಡಿ ಇವೆ. ಟೆಸ್ಟ್ ಮಾಡುವ ಬೋರ್ಡ್ ಫೈಲ್ ಹಳೆ ಕಮಿಟ್‌ಗೂ ಓದಲು ಬರುವಷ್ಟು ಹಳೆಯದಾಗಿರಬೇಕು, ಮೇಲೆ ಹೇಳಿದ ತಾರೀಖಿನ ಕಥೆ ಇಲ್ಲೂ ಬರುತ್ತದೆ. ಇನ್ನೊಂದು, ತೀರಾ ಹಿಂದಕ್ಕೆ ಹೋದರೆ ಇವತ್ತಿನ ಸಿಸ್ಟಂನಲ್ಲಿ ಆ ಕೋಡ್ ಬಿಲ್ಡ್ ಆಗುವುದೇ ಇಲ್ಲ. ಓಪನ್ ಕ್ಯಾಸ್ಕೇಡ್ 7.8ರಲ್ಲಿ ಸ್ಟೆಪ್‌ಗೆ ಸಂಬಂಧಪಟ್ಟ ಲೈಬ್ರರಿಗಳ ಹೆಸರೇ ಬದಲಾಯಿತು, ಹಳೆ ಕಿಕ್ಯಾಡ್ ಹಳೆ ಹೆಸರನ್ನೇ ಹುಡುಕುತ್ತದೆ. ಜಿಸಿಸಿ ಕಂಪೈಲರ್‌ನ 13ನೇ ಆವೃತ್ತಿ ಬಂದ ಮೇಲೆ ಮುಂಚೆ ತಾನಾಗೇ ಸೇರಿಕೊಳ್ಳುತ್ತಿದ್ದ ಕೆಲವು ಹೆಡರ್‌ಗಳನ್ನು ಕೈಯಿಂದ ಸೇರಿಸಬೇಕಾಯಿತು. ಹಾಗಾಗಿ ಹಳೆ ಆವೃತ್ತಿಗಳಿಗೆ ಹಳೆ ಡಿಸ್ಟ್ರೋದ ಒಂದು ಕಂಟೇನರ್ ಇಟ್ಟುಕೊಂಡು ಅಲ್ಲೇ ಬಿಲ್ಡ್ ಮಾಡುವುದು ಒಳ್ಳೆಯದು. ಕ್ಲೋನ್ ಮಾಡುವಾಗ ಡೆಪ್ತ್ 1 ಅಂತ ಕೊಟ್ಟವರಿಗೆ ಇದ್ಯಾವುದೂ ಸಾಧ್ಯವಿಲ್ಲ, ಹಿಂದಿನ ಇತಿಹಾಸವೇ ಇರುವುದಿಲ್ಲವಲ್ಲ.

ತಪ್ಪಿತಸ್ಥ ಕಮಿಟ್ ಸಿಕ್ಕರೆ ಗಿಟ್‌ಲ್ಯಾಬ್‌ನಲ್ಲಿ ಇಶ್ಯೂ ಹಾಕಿ, ಆ ಕಮಿಟ್‌ನ ನಂಬರ್ ಬರೆಯಿರಿ. ಜೊತೆಗೆ ಹೆಲ್ಪ್ ಮೆನುವಿನ ಅಬೌಟ್ ಕಿಟಕಿಯಲ್ಲಿ ವರ್ಷನ್ ಮಾಹಿತಿ ಕಾಪಿ ಮಾಡುವ ಬಟನ್ ಇದೆ, ಅದನ್ನು ಹಾಗೇ ಅಂಟಿಸಿ. ಡಬ್ಲ್ಯುಎಕ್ಸ್, ಬೂಸ್ಟ್, ಓಪನ್ ಕ್ಯಾಸ್ಕೇಡ್, ಎನ್‌ಜಿಸ್ಪೈಸ್ ಎಲ್ಲದರ ಆವೃತ್ತಿಯೂ ಅದರಲ್ಲಿ ಬರುತ್ತದೆ. ನೀವೇ ಬಿಲ್ಡ್ ಮಾಡಿದ್ದು ಅನ್ನುವುದನ್ನೂ ಒಂದು ಸಾಲಿನಲ್ಲಿ ಸೇರಿಸಿ. ಪ್ಯಾಚ್ ಕೂಡ ಕಳಿಸುವುದಾದರೆ ಅವರ ಕೋಡ್ ಬರೆಯುವ ಶೈಲಿ ಸ್ವಲ್ಪ ಬೇರೆ, ಬ್ರ್ಯಾಕೆಟ್ ಒಳಗೆ ಎರಡೂ ಕಡೆ ಜಾಗ ಬಿಡುತ್ತಾರೆ. ಕ್ಲ್ಯಾಂಗ್-ಫಾರ್ಮ್ಯಾಟ್ ಓಡಿಸಿಯೇ ಕಳಿಸಿ, ಇಲ್ಲವಾದರೆ ಮೊದಲ ಉತ್ತರ ಜಾಗ ಬಿಡುವುದರ ಬಗ್ಗೆಯೇ ಬರುತ್ತದೆ.